ಹಿಪ್ಪೆ ಮರದ ಕೆಳಗೆ ಗೀರಿದ ಕಡ್ಡಿ

ಬೆಂಕಿಕಡ್ಡಿ ಗೀರಲು ನನಗೆ ಈಗಲೂ ಭಯ. ಒಲೆಗೆ ಲೈಟರ್ ಇದೆ, ದೇವರ ದೀಪವನ್ನು ಗಂಡನೇ ಹಚ್ಚುತ್ತಾರೆ. ಯಾಕೆಂದು ಅವರಿಗೆ ಗೊತ್ತಿಲ್ಲ.

ದೇವರಗುಡ್ಡದ ಕಡೆ ನಮ್ಮ ಹೊಲದ ಬದುವಿನಾಚೆ ಒಂದು ಹಿಪ್ಪೆ ಮರವಿದೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ನಸುಕಿನಲ್ಲಿ ಅದರ ಹೂ ಉದುರುತ್ತದೆ. ದಪ್ಪ ಎಸಳು, ಕಚ್ಚಿದರೆ ಬೆಲ್ಲದ ಪಾಕದಂಥ ರಸ. ಒಣಗಿಸಿ, ಹುರಿದು, ಉಂಡೆ ಕಟ್ಟುತ್ತೇವೆ. ತರಗೆಲೆಯ ನಡುವೆ ಬಿದ್ದರೆ ಆಯುವುದು ಕಷ್ಟವೆಂದು ಮುಂಚೆಯೇ ಎಲೆ ಸುಟ್ಟು ನೆಲ ಹಸನು ಮಾಡುವುದು ರೂಢಿ.

ಮದುವೆಯಾಗಿ ಹಾವೇರಿಯಿಂದ ಬಂದ ಮೊದಲ ವರ್ಷ ಅತ್ತೆ ನನ್ನನ್ನು ಅಲ್ಲಿಗೆ ಕರೆದೊಯ್ದರು.

"ಮೊದಲ ಸುತ್ತ ನೆಲ ಕೆರದು ಬರಿದು ಮಾಡವ್ವಾ, ಬೆಂಕಿ ಆಚಿ ಹಾಯಬಾರದು, ಆಮ್ಯಾಲೆ ಕಡ್ಡಿ ಗೀರು" ಎಂದು ಸಲಿಕೆ ಕೊಟ್ಟು, ಕಟ್ಟಿಗೆ ಆರಿಸಲು ಮರದಾಚೆಯ ಒಣಹುಲ್ಲಿಗೆ ಇಳಿದರು. ಮೊಣಕಾಲು ನೋವಿನವರು.

ನಾನು ಮೈಗಳ್ಳಿ. ಅರ್ಧ ಸುತ್ತು ಕೆರೆದು, ಸಾಕೆಂದು ಹಚ್ಚಿಬಿಟ್ಟೆ. ಗಾಳಿ ತಿರುಗಿತು. ಬೆಂಕಿ ಚಟಚಟ ಎನ್ನುತ್ತ ಹುಲ್ಲಿಗೆ ಹೋಯಿತು. "ಅತ್ತೀ" ಎಂದು ಕೂಗಿದೆ. ಹೊಗೆಯಲ್ಲಿ ಅವರು ಕಾಣಲಿಲ್ಲ. ಓಡಿ ಹೋಗಿ ಎಳೆದು ತರಬೇಕಿತ್ತು. ಸಲಿಕೆ ಹಿಡಿದು ನಿಂತಲ್ಲೇ ನಿಂತೆ. ಸತ್ತೇಹೋದರು ಅಂದುಕೊಂಡೆ. ಅಷ್ಟರಲ್ಲಿ ಧಪ್ ಧಪ್ ಎಂದು ಬಡಿಯುವ ಸದ್ದು. ಹಸಿ ಬೇವಿನ ಟೊಂಗೆಯಿಂದ ಬೆಂಕಿ ಬಡಿಯುತ್ತ, ಕೆಮ್ಮುತ್ತ ಹೊರಬಂದರು. ಸೀರೆಯ ಅಂಚು ಸುಟ್ಟಿತ್ತು, ಪಾದದಲ್ಲಿ ಬೊಬ್ಬೆ ಎದ್ದಿತ್ತು. ಉಳಿದ ಬೆಂಕಿ ಉತ್ತ ಹೊಲದ ಅಂಚಿಗೆ ಬಂದು ತಾನೇ ಆರಿತು.

ಗಂಡ ಹೊಲದಿಂದ ಓಡಿಬಂದರು. "ಯಾರು ಹಚ್ಚಿದ್ರು?"

ನಾನು ಕಡ್ಡಿಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. "ನಾನ ಹಚ್ಚೇನಿ. ನೆಲ ಕೆರೆಯೂದು ಮರತೆ, ವಯಸ್ಸಾತು" ಎಂದರು ಅತ್ತೆ.

"ಇನ್ಮ್ಯಾಲೆ ನೀ ಈ ಮರದ ಕಡೆ ಬರಬ್ಯಾಡವ್ವಾ" ಎಂದು ಗಂಡ ತಾಯಿಗೆ ಹೇಳಿದರು. ಅದೇ ಮಾತು ಮನೆಯಲ್ಲಿ ಕಾನೂನಾಯಿತು. ಎರಡು ದಿನ ಬಿಟ್ಟು ನಿಜ ಹೇಳೋಣ ಅಂದುಕೊಂಡೆ. ಹೇಳಿದರೆ ಏನಾಗುತ್ತದೋ ಎಂಬ ಹೆದರಿಕೆಯಲ್ಲೇ ಎಂಟು ವರ್ಷ ಕಳೆದವು.

ಈಗ ನಾನೊಬ್ಬಳೇ ಹೋಗಿ, ಎಲೆ ಗುಡಿಸಿ, ಹೂ ತರುತ್ತೇನೆ. ಅತ್ತೆ ಮನೆಯ ಕಟ್ಟೆಯ ಮೇಲೆ ಬುಟ್ಟಿಗೆ ಕಾಯುತ್ತಾರೆ. ಈ ಸಲ ಒಂದು ಹೂ ಮೂಸಿ ಕೇಳಿದರು: "ಮರದ ಬೊಡ್ಡಿ ಮ್ಯಾಲಿನ ಸುಟ್ಟ ಕಲೆ ಹೋತೇನು?"

"ಇನ್ನೂ ಐತ್ರಿ."

"ಒಮ್ಮೆ ಹೋಗಿ ನೋಡಿ ಬರತೇನಿ" ಎಂದು ಮಗನ ಮುಖ ನೋಡಿದರು. ಗಂಡ ತಲೆಯಾಡಿಸಿ ಬೇಡವೆಂದರು. ಅವತ್ತು ಕಡ್ಡಿ ಗೀರಿದ್ದು ನಾನೆಂದು ಹೇಳಲು ಬಾಯಿ ತೆರೆದೆ. ಅತ್ತೆ ಕೈಯಲ್ಲಿದ್ದ ಹೂವನ್ನು ನನ್ನ ಬಾಯಿಗಿಟ್ಟರು.