‘ಯಬೇಡಿ’ ಎಲ್ಲಿ ಹೋಯಿತು?

ಗೋಡೆಪತ್ರಿಕೆಯ ಗೆಳೆಯರೇ, ಕಾಡು ಉಳಿಸಲೆಂದು ನಾವು ಬರೆದ ಕವನಗಳ ಪುಸ್ತಕ ಇಂದು ಸಾಗರದ ಪ್ರೆಸ್ಸಿನಿಂದ ಬಂತು. ಹೆಸರು ‘ಕಾಡು ಕಡಿಯಬೇಡಿ’. ಬಿಡುಗಡೆ ನಾಳೆ ಹೊಸನಗರದಲ್ಲಿ.

ರಟ್ಟಿನ ವಿನ್ಯಾಸ ನಮ್ಮ ಚಿತ್ರಕಲಾ ತರಗತಿಯ ಸುಧಾಕರನದು. ದೂರದಿಂದಲೇ ಕಾಣಲೆಂದು ಅಕ್ಷರಗಳನ್ನು ಎಷ್ಟು ದೊಡ್ಡದಾಗಿ ಬರೆದಿದ್ದನೆಂದರೆ, ಮುಂದಿನ ರಟ್ಟಿನಲ್ಲಿ ‘ಕಾಡು ಕಡಿ’ ಮಾತ್ರ ಹಿಡಿಸಿತ್ತು. ಉಳಿದ ‘ಯಬೇಡಿ’ ಹಿಂದಿನ ರಟ್ಟಿಗೆ ಹೋಗಿತ್ತು.

“ಎಂತದಾ ಇದು ಮಾರಾಯ?” ಎಂದೆ.

“ಪುಸ್ತಕ ಬಿಡಿಸಿ ಎರಡೂ ರಟ್ಟು ಒಟ್ಟಿಗೆ ನೋಡು, ಸರಿ ಆಗ್ತದೆ,” ಎಂದ.

ನೋಡಿದೆ. ‘ಯಬೇಡಿ ಕಾಡು ಕಡಿ’ ಎಂದಿತ್ತು.

ಅಷ್ಟರಲ್ಲಿ ಪಕ್ಕದ ಮರ ಕೊಯ್ಯುವ ಸಾಮಿಲ್ಲಿನ ಯಜಮಾನರು ಬಂದು ಮುಂದಿನ ರಟ್ಟು ಓದಿದರು. “ಅಂತೂ ನಿಮ್ಗೂ ಬುದ್ಧಿ ಬಂತಲ್ಲ! ನಾಳೆ ಹೊಸನಗರಕ್ಕೆ ನನ್ ಲಾರಿಲೇ ಬನ್ನಿ,” ಎಂದರು.

ಪುಸ್ತಕ ಬಿಡುಗಡೆಗೆ ಬರುವವರು ಬೆಳಿಗ್ಗೆ ಮಿಲ್ಲಿನ ಹತ್ತಿರ ಸೇರಿ. ದಿಮ್ಮಿಗಳ ಮೇಲೆ ಜಾಗವಿದೆ.