ಕಂಬಿ ಹಿಡಿದವರು ಯಾರು

ಸೀದ ಹಾಲಿನ ವಾಸನೆ ಮೂಗಿಗೆ ಬಡಿದಾಗ ನಾನು ಮತ್ತಿಕೆರೆಯ ನನ್ನ ಮನೆಯ ಬಾಗಿಲಲ್ಲಿ ನಿಂತು, ಮೆಟ್ಟಿಲ ಮೇಲೆ ಕೂತ ಇಬ್ಬರು ಹುಡುಗರ ವಾದ ಕೇಳುತ್ತಿದ್ದೆ. ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಕಾಲೇಜು ಹುಡುಗರು. ಅವಳಿಗಳಲ್ಲಿ ಒಬ್ಬ ರಾಕೆಟ್ಟಿನಲ್ಲಿ ಬೆಳಕಿನ ವೇಗದ ಹತ್ತಿರಹತ್ತಿರ ಹೋಗಿ ವಾಪಸು ಬಂದರೆ ಅವನು ಇನ್ನೂ ಎಳೆಯನಾಗಿರುತ್ತಾನೆ, ಮನೆಯಲ್ಲಿ ಉಳಿದವನು ಮುದುಕನಾಗಿರುತ್ತಾನೆ ಎನ್ನುವ, ಸಾಪೇಕ್ಷತಾ ಸಿದ್ಧಾಂತದ ಅದೇ ಹಳೆಯ ಕಥೆ. "ಮಚ್ಚಾ, ರಾಕೆಟ್ ಕಡೆಯಿಂದ ನೋಡಿದ್ರೆ ಭೂಮಿನೇ ಹೋಗಿ ಬಂದಂಗಲ್ವಾ? ಎಲ್ಲಾ ರಿಲೇಟಿವ್ ಕಣೋ," ಎಂದ ಒಬ್ಬ. ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಆ ಹುಡುಗನ ಮೇಲಲ್ಲ ಸಿಟ್ಟು. ಒಳಗೆ ಓಡುವಷ್ಟರಲ್ಲಿ ಪಾತ್ರೆಯ ತಳ ಕಪ್ಪಗಾಗಿತ್ತು. ಕಿಟಕಿ ತೆರೆಯಲು ಕೈ ಹೋಗಲಿಲ್ಲ. ಅದು ನಮ್ಮ ಗಂಗಾನಗರದ ಮನೆಯ ಭಾನುವಾರದ ವಾಸನೆ.

ನೀವೂ ಆ ಕಡೆ ಬೆಳೆದವರಾದರೆ ಅಂಥ ಮನೆಗಳನ್ನು ನೋಡಿರುತ್ತೀರಿ. ಬರಿಗಾಲಿಗೆ ತಣ್ಣಗೆ ತಾಗುವ ಕೆಂಪು ನೆಲ, ಗ್ರಿಲ್ಲು ಹಾಕಿದ ವರಾಂಡ, ಕಾಂಪೌಂಡಿನಾಚೆಗೂ ಹಣ್ಣು ಉದುರಿಸುವ ಸೀಬೆ ಮರ. ಅಮ್ಮ ಯಶವಂತಪುರದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪನ ತಮ್ಮ ರಘು ಚಿಕ್ಕಪ್ಪ, ತಂಗಿ ಸುಮತ್ತೆ ನಮ್ಮ ಜೊತೆಗೇ ಇದ್ದರು. ಇಬ್ಬರೂ ಅವಳಿಗಳು, ಒಂದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದರು. ಭಾನುವಾರ ಸಂಜೆ ಆರ್.ಟಿ. ನಗರದಿಂದ ಅಪ್ಪನ ಗೆಳೆಯ ಬಷೀರ್ ಅಂಕಲ್ ಬಂದು ಬೆತ್ತದ ಕುರ್ಚಿಯಲ್ಲಿ ಕೂತರೆಂದರೆ ವಾದ ಶುರು. ಅತ್ತೆ ಕಾಫಿಗೆ ಹಾಲಿಟ್ಟು, ಮಾತು ಕಿವಿಗೆ ಬಿದ್ದದ್ದೇ ಸೌಟು ಹಿಡಿದುಕೊಂಡೇ ವರಾಂಡದ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಳಗೆ ಹಾಲು ಸೀದುಹೋಗುತ್ತಿತ್ತು. "ಕಾಫಿ ಸೀದಿಲ್ಲ ಅಂದ್ರೆ ಆವತ್ತು ಚರ್ಚೆ ಸಪ್ಪೆ ಅಂತ ಅರ್ಥ ಕಣ್ರೀ," ಎಂದು ಬಷೀರ್ ಅಂಕಲ್ ನಗುತ್ತಲೇ ಅದನ್ನು ಕುಡಿಯುತ್ತಿದ್ದರು.

ವಾದವೋ, ದೇವರಿಗೇ ಪ್ರೀತಿ. ರಾಕೆಟ್ಟಿನಲ್ಲಿ ಗಡಿಯಾರ ನಿಧಾನವಾದರೆ ಕೀ ಕೊಡುವುದನ್ನು ಮರೆತಿರಬೇಕು ಎನ್ನುವುದು ಬಷೀರ್ ಅಂಕಲ್ ಪಟ್ಟು. ಅಪ್ಪನದು ಇನ್ನೊಂದು ವರಸೆ. ಸಾಪೇಕ್ಷತೆ ಎಂಬ ಪದದೊಳಗೆ ಅಪೇಕ್ಷೆ ಇದೆಯಲ್ಲ, ಅಷ್ಟನ್ನೇ ಹಿಡಿದುಕೊಂಡು ಅವರು ಇಡೀ ಸಿದ್ಧಾಂತವನ್ನು ಆಸೆಯ ವಿಷಯ ಮಾಡಿಬಿಟ್ಟಿದ್ದರು. ಅಪೇಕ್ಷೆ ಇದ್ದವನಿಗೆ ಕಾಲ ನಿಧಾನ, ಇಲ್ಲದವನಿಗೆ ಬೇಗ, ಅಷ್ಟೇ. ಅತ್ತೆ ಎಷ್ಟು ಸಲ "ಅಣ್ಣ, ಅಪೇಕ್ಷೆ ಅಂದ್ರೆ ಇಲ್ಲಿ ಆಸೆ ಅಲ್ಲ, ಯಾವುದಕ್ಕೆ ಹೋಲಿಸಿ ಅಂತ" ಎಂದಳೋ. ಅಪ್ಪ ಕೇಳಿಸಿಕೊಂಡರೆ ತಾನೇ? ಅವಳಿಗಳ ಉದಾಹರಣೆಗೆ ಮನೆಯಲ್ಲೇ ಒಂದು ಜೋಡಿ ಇತ್ತಲ್ಲ, ಎಲ್ಲರಿಗೂ ಅನುಕೂಲ. ಆದರೆ ರಾಕೆಟ್ಟು ಹತ್ತುವವನು ಯಾವಾಗಲೂ ಚಿಕ್ಕಪ್ಪನೇ, ಭೂಮಿಯಲ್ಲಿ ಉಳಿಯುವವಳು ಅತ್ತೆಯೇ. ಒಮ್ಮೆ ಅವಳು "ನಾನ್ ಹೋಗ್ತೀನಿ, ಅವನಿರ್ಲಿ" ಎಂದದ್ದಕ್ಕೆ ಚಿಕ್ಕಪ್ಪ, "ಯಾರ್ ಹೋದ್ರೂ ಒಂದೇ ಅಲ್ವೇನೇ, ನನ್ ಕಡೆಯಿಂದ ನೋಡಿದ್ರೆ ನೀನೇ ಹೋದಂಗೆ" ಎಂದ. ಆಗ ಅತ್ತೆ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ.

"ಬಸ್ಸಲ್ಲಿ ಕೂತೋನಿಗೆ ಹೆಬ್ಬಾಳ ಹಿಂದಕ್ಕೆ ಹೋದಂಗೆ ಕಾಣತ್ತೆ, ಸರಿ. ಆದ್ರೆ ಬಸ್ಸು ವಾಪಸ್ ತಿರುಗುವಾಗ ಬೀಳ್ದಂಗೆ ಕಂಬಿ ಹಿಡ್ಕೊಳ್ಳೋರು ಯಾರು? ಒಳಗಿರೋರು. ಹೆಬ್ಬಾಳದ ಸ್ಟಾಪಲ್ಲಿ ನಿಂತೋರು ಯಾರಾದ್ರೂ ಹಿಡ್ಕೊಂಡಿದ್ದು ನೋಡಿದೀಯಾ? ತಿರುಗಿದ್ದು ಯಾರು ಅಂತ ಗೊತ್ತಾಗೇ ಗೊತ್ತಾಗತ್ತೆ ಕಣೋ. ಇಬ್ಬರದೂ ಒಂದೇ ಅಲ್ಲ."

"ಹಾಲು ನೋಡಮ್ಮ," ಎಂದರು ಅಪ್ಪ.

ಇಬ್ಬರಿಗೂ ಮೈಸೂರಿನಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಸೀಟು ಸಿಕ್ಕಿತು. ಅಂಕ ಹೆಚ್ಚು ಬಂದದ್ದು ಅತ್ತೆಗೆ. ಅದೇ ಬೇಸಿಗೆಯಲ್ಲಿ ಅಪ್ಪನ ತಾಯಿ, ನಮ್ಮ ಅಜ್ಜಿ, ಲಕ್ವ ಹೊಡೆದು ಹಾಸಿಗೆ ಹಿಡಿದಳು. ಮನೆಯಲ್ಲಿ ಯಾರಾದರೂ ಇರಲೇಬೇಕಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತಲೇ ಇಲ್ಲವಲ್ಲ, ಅದಕ್ಕೆ ನನ್ನ ಸಿಟ್ಟು. ಕೀ ಕೊಡದ ಗಡಿಯಾರದ ಬಗ್ಗೆ ಗಂಟೆಗಟ್ಟಲೆ ಜಗಳವಾಡಿದವರು ಇದನ್ನು ಕಾಫಿ ಆರುವುದರೊಳಗೆ ತೀರ್ಮಾನಿಸಿದರು. ಅತ್ತೆ ತಾನೇ ಬಾಯಿಬಿಟ್ಟು ಕೇಳಿದಾಗ ಅಪ್ಪ, ಎಷ್ಟು ಮೆತ್ತಗೆ ಹೇಳಿದರು ಗೊತ್ತೇ? "ಅಪೇಕ್ಷೆ ಇಟ್ಕೊಂಡ್ರೆ ಕಷ್ಟ ಕಣಮ್ಮ. ಸಾಪೇಕ್ಷ ಅಂದ್ರೆ ಅದೇ ತಾನೇ." ಬೈದಿದ್ದರೂ ನಾನು ಕ್ಷಮಿಸುತ್ತಿದ್ದೆನೇನೋ. ಅವಳು ಪ್ರೀತಿಸಿದ ಪದವನ್ನೇ ತಪ್ಪು ಅರ್ಥ ಹಚ್ಚಿ ಅವಳ ಬಾಯಿಗೆ ತುರುಕಿದರು. ಚಿಕ್ಕಪ್ಪ ಟ್ರಂಕು ಕಟ್ಟಿಕೊಂಡು ಹೊರಟ.

ಓದು ಮುಗಿಸಿ ಅವನು ತಿರುಗಿ ಬಂದಾಗ ಕೆನ್ನೆ ತುಂಬಿಕೊಂಡು ಮದುಮಗನಂತಿದ್ದ. ಅತ್ತೆಯ ಕಿವಿಯ ಪಕ್ಕ ಬಿಳಿ ಕೂದಲು ಇಣುಕಿತ್ತು, ಅಜ್ಜಿಯ ಬಟ್ಟೆ ಒಗೆದೂ ಒಗೆದೂ ಬೆರಳ ಸಂದು ಒಡೆದಿತ್ತು. ಆ ಭಾನುವಾರ ಬಷೀರ್ ಅಂಕಲ್ ಇಬ್ಬರನ್ನೂ ನೋಡಿ, "ಥಿಯರಿ ಪ್ರೂವ್ ಆಯ್ತು ನೋಡ್ರೀ. ಇವರನ್ನ ಅವಳಿ ಅಂತಾರಾ ಯಾರಾದ್ರೂ?" ಎಂದರು. ವರಾಂಡವೆಲ್ಲ ನಕ್ಕಿತು. "ನನ್ ಕಡೆಯಿಂದ ನೋಡಿದ್ರೆ ನಾನ್ ಇದ್ದಲ್ಲೇ ಇದ್ದೆ, ನೀವೇ ಹೋಗ್ಬಂದಿದ್ದು," ಎಂದು ಚಿಕ್ಕಪ್ಪ ಹಳೆಯ ತಮಾಷೆಗೆ ಇಳಿದ.

ಅತ್ತೆ ನಗಲಿಲ್ಲ. "ಕಂಬಿ ಹಿಡ್ಕೊಂಡೋನು ನೀನು ರಘು," ಎಂದಳು. "ನಾನು ಸ್ಟಾಪಲ್ಲೇ ನಿಂತಿದ್ದೆ."

"ಎಲ್ಲಾ ಸಾಪೇಕ್ಷ ಕಣಮ್ಮ," ಎಂದರು ಅಪ್ಪ. "ಹೋಗು, ಕಾಫಿ ತಗೊಂಡ್ ಬಾ."

ಆ ಮನೆ ಈಗಿಲ್ಲ. ಸೀಬೆ ಮರವಿದ್ದಲ್ಲಿ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಅಪ್ಪ ಇಲ್ಲ, ಬಷೀರ್ ಅಂಕಲ್ ಇಲ್ಲ, ಹೋದ ವರ್ಷ ಅತ್ತೆಯೂ ಹೋದಳು. ಅವಳ ವೈಕುಂಠ ಸಮಾರಾಧನೆಯ ದಿನ ಚಿಕ್ಕಪ್ಪ ಕಣ್ಣೊರೆಸಿಕೊಂಡು, ಮನೆಗಾಗಿ ಎಲ್ಲವನ್ನೂ ತ್ಯಾಗ ಮಾಡಿದವಳು ಎಂದ. ಎಲೆಯ ಮುಂದಿನಿಂದ ಎದ್ದುಹೋಗಬೇಕೆನ್ನಿಸಿತು ನನಗೆ. ಅತ್ತೆ ಯಾವ ತ್ಯಾಗವನ್ನೂ ಮಾಡಲಿಲ್ಲ. ಅವಳದ್ದನ್ನು ಇವರೆಲ್ಲ ಸೇರಿ ಕಿತ್ತುಕೊಂಡರು. ಯಾವ ಕಡೆಯಿಂದ ನೋಡಿದರೂ ಅದು ಹಾಗೆಯೇ. ಆದರೂ ಆ ವರಾಂಡ ನೆನಪಾದರೆ ನನಗೆ ಅಳು ಬರುತ್ತದೆ, ಅವಳ ದನಿಯನ್ನು ನಾನು ಕೇಳಿದ್ದು ಅಲ್ಲಿಯೇ.

ಚಿಕ್ಕಪ್ಪ ತಿರುಗಿ ಬಂದ ಆ ಭಾನುವಾರ ನಾನು ಅತ್ತೆಯ ಹಿಂದೆಯೇ ಅಡುಗೆಮನೆಗೆ ಹೋಗಿದ್ದೆ. ವರಾಂಡದಲ್ಲಿ ವಾದ ಮತ್ತೆ ಕಾವೇರಿತ್ತು, ಪ್ರತಿ ಮಾತೂ ಕೇಳಿಸುತ್ತಿತ್ತು. ಅವಳು ಬಾಗಿಲ ಕಡೆ ತಿರುಗಲಿಲ್ಲ. ಹಾಲನ್ನೇ ನೋಡುತ್ತ ನಿಂತಿದ್ದು, ಉಕ್ಕಿ ಬಂದಾಗ ಉರಿ ಸಣ್ಣ ಮಾಡಿ, ಇಳಿಸಿ, ಕಾಫಿ ಬೆರೆಸಿ ತಂದುಕೊಟ್ಟಳು. ಬಷೀರ್ ಅಂಕಲ್ ಒಂದು ಗುಟುಕು ಕುಡಿದು, "ಏನ್ ಸಮಾಚಾರ ಸುಮಾ, ಇವತ್ತು ಸೀದೇ ಇಲ್ಲ?" ಎಂದರು.

"ಕೊನೆಗೂ ಕೆಲಸ ಕಲಿತ್ಲು," ಎಂದರು ಅಪ್ಪ.

ಆಮೇಲೆ ಆ ಮನೆಯಲ್ಲಿ ಹಾಲು ಯಾವತ್ತೂ ಸೀಯಲಿಲ್ಲ.