ಕರಪತ್ರದ ನಾಲ್ಕನೆಯ ಸಾಲು

ಕರಪತ್ರದ ನಾಲ್ಕನೆಯ ಸಾಲನ್ನು ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬೇರೆಯವರ ಮೇಲೆ ಸಾಕಷ್ಟು ಸಿಟ್ಟು ತೋರಿಸಲಿದ್ದೇನೆ.

ಸಾಲು ಇಷ್ಟೇ: 'ಕೊರಳಲ್ಲಿ, ಕಿವಿಯಲ್ಲಿ ಇರುವುದನ್ನೆಲ್ಲ ತೆಗೆದು ಮನೆಯಲ್ಲಿಯೇ ಇಟ್ಟು ಬನ್ನಿ.' ಸ್ತನ ಕ್ಯಾನ್ಸರ್ ತಪಾಸಣೆಯ ಯಂತ್ರವಿರುವ ವ್ಯಾನು ನಮ್ಮ ಕಡೆಯ ಊರುಗಳಿಗೆ ಬರುವ ಮುಂಚೆ ಮನೆಮನೆಗೆ ಹಂಚುವ ಕರಪತ್ರ ಅದು. ನಾನು ಕೊಟ್ಟೂರಿನಲ್ಲಿ ಕಾಲೇಜೊಂದರ ಅತಿಥಿ ಉಪನ್ಯಾಸಕಿ. ಬಿಡುವಿನ ದಿನಗಳಲ್ಲಿ ಒಂದು ಸಂಸ್ಥೆಯ ಸ್ವಯಂಸೇವಕಿ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ವ್ಯಾನು ಎಲ್ಲಿ ನಿಲ್ಲುತ್ತದೋ ಅಲ್ಲಿ ಮೇಜು ಹಾಕಿಕೊಂಡು ಹೆಸರು ಬರೆದುಕೊಳ್ಳುವುದು ನನ್ನ ಕೆಲಸ. ಒಮ್ಮೆ ಹಡಗಲಿಯಲ್ಲಿ ಒಬ್ಬ ಹೆಂಗಸಿನ ಬೆಂಡೋಲೆ ವ್ಯಾನಿನೊಳಗೆ ಕಳೆದುಹೋಗಿ, ತಪಾಸಣೆ ನಿಲ್ಲಿಸಿ ಎಲ್ಲರೂ ಮೊಣಕಾಲೂರಿ ಹುಡುಕಿದ್ದೆವು. ಆಮೇಲೆ ಕರಪತ್ರ ತಿದ್ದುವ ಕೆಲಸ ನನಗೆ ಬಂತು. 'ಲೋಹದ ವಸ್ತುಗಳನ್ನು ತೆಗೆದಿಡಿ' ಎಂದಿದ್ದ ಸಾಲನ್ನು ನಾನು ಹೀಗೆ ಬದಲಿಸಿದೆ. ಸ್ಪಷ್ಟವಾಗಿದೆ ಎಂದು ಎಲ್ಲರೂ ಹೊಗಳಿದರು.

ಅದಾದ ಮೇಲೆ ವ್ಯಾನು ಹತ್ತಿರದ ಹಳ್ಳಿ ಹಿರೇಹಡಗಲಿಗೆ ಬಂದದ್ದು ಶೇಂಗಾ ಕೀಳುವ ಹೊತ್ತಿನಲ್ಲಿ. ಕುರಿ ಸಾಕುವ ಮನೆಗಳ ಹೆಂಗಸರು ಹೊಲದಿಂದ ನೇರವಾಗಿ, ಸೆರಗಿಗೆ ಅಂಟಿದ ಮಣ್ಣಿನ ಸಮೇತ ಬಂದರು. ನಮ್ಮ ಜನರ ಓಣಿಯಿಂದ, ಅಂದರೆ ಕೊರಳಲ್ಲಿ ಲಿಂಗ ಧರಿಸುವ ಮನೆಗಳಿಂದ, ಬಂದವರು ತೀರ ಕಡಿಮೆ. ಆ ದಿನದ ವರದಿಯಲ್ಲಿ ಕಾರಣ ಬರೆಯುವ ಜಾಗವಿತ್ತು. ನಾನು ಅಲ್ಲಿ 'ಅರಿವಿನ ಕೊರತೆ' ಎಂದು ಬರೆದೆ.

ಬಂದ ಕೆಲವೇ ಜನರಲ್ಲಿ ನನ್ನ ದೊಡ್ಡವ್ವ ಒಬ್ಬಳು. ನನ್ನ ತಾಯಿಯ ಅಕ್ಕ. ಹಿರೇಹಡಗಲಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಹೆಸರು ಬರೆಸಿ, ಸಾಲಿನಲ್ಲಿ ನಿಂತು, ವ್ಯಾನಿನ ಎರಡನೆಯ ಮೆಟ್ಟಿಲವರೆಗೆ ಹತ್ತಿ, ಒಳಗಿನವರು ಏನೋ ಹೇಳಿದ್ದನ್ನು ಕೇಳಿಸಿಕೊಂಡು ಇಳಿದುಬಿಟ್ಟಳು. "ಗಿರಣಿ ಬಿಟ್ಟು ಬಂದೀನಿ, ಬೀಸಾಕ ಬಂದ ಮಂದಿ ಕಾಯ್ತಿರತಾರ" ಎಂದು ನನ್ನ ಮೇಜಿನ ಮುಂದೆಯೇ ಹೋದಳು. ನಾಚಿಕೆ ಇರಬೇಕು ಅಂದುಕೊಂಡೆ.

ಒಂದು ತಿಂಗಳ ನಂತರ ಅವಳ ಮನೆಗೆ ಹೋದಾಗ ಅವಳ ಕರಡಿಗೆ, ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿ, ಇರಬೇಕಾದ ಜಾಗದಲ್ಲಿ ಇರಲಿಲ್ಲ. ಎದೆಯ ಮೇಲಿರಬೇಕಾದದ್ದು ಗಂಟಲ ಗುಳಿಯ ಹತ್ತಿರ ಕುಳಿತಿತ್ತು.

"ದಾರ ಯಾಕ ಇಷ್ಟ ಗಿಡ್ಡ ಮಾಡೀಯಿ ದೊಡ್ಡವ್ವ?"

"ಕರಡಿಗಿ ಒತ್ತತೈತಿ. ಗಿರಣಿಗೆ ಜೋಳದ ಡಬ್ಬಿ ಎತ್ತಿ ಸುರಿಯಾಗ ಬಾಳ ಒತ್ತತೈತಿ. ಮ್ಯಾಲ ಕಟ್ಟಿದ್ರ ಆರಾಮ."

"ಎಲ್ಲಿ ಒತ್ತತೈತಿ?"

ಅವಳು ಬಾಗಿಲ ಕಡೆ ನೋಡಿ, ನನ್ನ ಕೈ ಹಿಡಿದು, ಎಡಗಡೆ ಇಟ್ಟುಕೊಂಡಳು. ಸೀರೆಯ ಮೇಲಿಂದಲೇ ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ನನ್ನ ತಾಯಿಗೂ ಹೀಗೆಯೇ ಇತ್ತು. ಆ ವಿಷಯವನ್ನು ನಾನು ಯಾರ ಮುಂದೆಯೂ ಹೇಳುವುದಿಲ್ಲ, ಇಲ್ಲಿಯೂ ಇಷ್ಟಕ್ಕೇ ನಿಲ್ಲಿಸುತ್ತೇನೆ.

"ಅವತ್ತು ವ್ಯಾನಿನ್ಯಾಗಿಂದ ಯಾಕ ಇಳದಿ?"

"ಲಿಂಗ ತಗದಿಟ್ಟು ಬಾ ಅಂದ್ಳು ಒಳಗಿನಾಕಿ. ಮನ್ಯಾಗ ಇಟ್ಟು ಬರಬೇಕಿತ್ತಂತ, ಚೀಟ್ಯಾಗ ಬರದೈತಂತ. ಹೆರಿಗ್ಯಾಗ ತಗದಿಲ್ಲ, ನಿಮ್ಮ ದೊಡ್ಡಪ್ಪ ಸತ್ತಾಗ ತಗದಿಲ್ಲ. ಮೈಬಿಟ್ಟು ಹೆಂಗ ಇಡ್ಲಿ?"

ಆ ದಿನ ಬಂದ ಬೇರೆ ಹೆಂಗಸರು ತಾಳಿಸರವನ್ನು ಬೆನ್ನಿಗೆ ಎಸೆದುಕೊಂಡು ಒಳಗೆ ಹೋಗಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ. ಆದರೆ ಲಿಂಗವನ್ನು ಬೆನ್ನಿಗೆ ಹಾಕಿಕೊಳ್ಳುವುದಿಲ್ಲ. ಮನೆಯಲ್ಲಿ ಬಿಟ್ಟು ಬರುವುದಂತೂ ಇಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಅಂಥದೇ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದಾಗ ನನ್ನದನ್ನು ತೆಗೆದೆ. ಈಗ ಅದು ಮನೆಯ ದೇವರ ಗೂಡಿನಲ್ಲಿದೆ. ಆ ಸಾಲು ಬರೆಯುವಾಗ ನನ್ನ ಕೈ ತಡೆಯಲಿಲ್ಲ.

ಬರೆದವಳು ನಾನೆಂದು ದೊಡ್ಡವ್ವನಿಗೆ ಹೇಳಲಿಲ್ಲ. ದಾವಣಗೆರೆಯ ಆಸ್ಪತ್ರೆಗೆ ನೇರ ಹೋಗೋಣ ಎಂದೆ. ಅಲ್ಲಿಯೂ ಅದೇ ಮಷಿನ್ ತಾನೆ ಎಂದಳು. ಆಸ್ಪತ್ರೆಗೆ ಫೋನ್ ಮಾಡಿದೆ. "ಲೋಹದ್ದು ಏನೂ ಇರಬಾರದು ಮೇಡಂ" ಎಂದು ಒಬ್ಬರು ಫೋನ್ ಇಟ್ಟರು. ಸಂಸ್ಥೆಗೆ ಎರಡು ಸಲ ಪತ್ರ ಬರೆದೆ. ಕೊನೆಗೆ ಉತ್ತರ ಬಂತು: ದಾವಣಗೆರೆಯಲ್ಲಿ ಕ್ಯಾನ್ಸರ್ ಜಾಗೃತಿಯ ದೊಡ್ಡ ಸಮ್ಮೇಳನವಿದೆ, ತಜ್ಞರು ಬರುತ್ತಾರೆ, ನೀವೂ ವೇದಿಕೆಯಲ್ಲಿ ಮಾತನಾಡುತ್ತೀರಿ, ಅಲ್ಲಿಯೇ ಕೇಳಿ.

ದೊಡ್ಡವ್ವ ಅದಕ್ಕೆ ಒಪ್ಪಿದಳು. "ದೊಡ್ಡ ಡಾಕ್ಟ್ರು ಬರತಾರಲ್ಲ, ಒಂದ ಮಾತು ಕೇಳ್ಕೊಂಡು ಬಾ. ತಗೀಲಾರದ ಆಗತೈತಿ ಅಂದ್ರ ನಾ ನಾಳೆನ ಬರತೀನಿ. ಇಲ್ಲಾಂದ್ರ ಬಿಡು, ಅವನ ಇಚ್ಛಾ."

ನನ್ನ ಚೀಲದಲ್ಲಿ ಆ ಒಂದೇ ಪ್ರಶ್ನೆ ಇತ್ತು.

ಸಮ್ಮೇಳನ ನಡೆದದ್ದು ಯುಗಾದಿಗೆ ಕೆಲವೇ ದಿನ ಇರುವಾಗ. ಬೆಳಿಗ್ಗೆ ಬಾಗಿಲಲ್ಲಿ ಗುಲಾಬಿ ರಿಬ್ಬನ್ ಚುಚ್ಚಿದರು, ಸ್ಟೀಲ್ ಬಾಟಲಿ ಕೊಟ್ಟರು, ಗುಲಾಬಿ ಬಣ್ಣದ ಚೌಕಟ್ಟಿನೊಳಗೆ ನಿಲ್ಲಿಸಿ ಫೋಟೊ ತೆಗೆದರು. ಬೆಂಗಳೂರಿನಿಂದ ಬಂದ ಸಂಯೋಜಕಿ ನನ್ನ ಹೆಸರಿಗೆ ಟಿಕ್ ಹಾಕಿಕೊಂಡಳು.

"ನಿಮ್ಮದು ಎರಡೂವರೆಗೆ. ಮೂರು ನಿಮಿಷ. ಅಮ್ಮನ ಬಗ್ಗೆ ಹೇಳ್ತೀರ ಅಲ್ವಾ?"

"ನನಗೆ ಒಂದು ಪ್ರಶ್ನೆ ಕೇಳಬೇಕಿದೆ."

"ಪ್ರಶ್ನೆ ಎಲ್ಲ ಕೊನೇಲಿ. ನಿಮ್ಮದು ಸ್ಟೋರಿ. ಸ್ವಲ್ಪ ಎಮೋಷನಲ್ ಆದ್ರೂ ಪರವಾಗಿಲ್ಲ, ಜನಕ್ಕೆ ಮುಟ್ಟುತ್ತೆ."

ತಾಯಿಯ ವಿಷಯ ಅವರಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸಿದೆ. ಸ್ವಯಂಸೇವಕರ ಅರ್ಜಿಯಲ್ಲಿ 'ಕುಟುಂಬದಲ್ಲಿ ಯಾರಿಗಾದರೂ' ಎಂಬ ಕಾಲಮ್ಮಿತ್ತು. ನಾನೇ ತುಂಬಿದ್ದೆ. ಕಾಲಮ್ಮು ಕಂಡರೆ ತುಂಬುವುದು ನನ್ನ ಸ್ವಭಾವ.

ಬೆಳಗಿನ ಹೊತ್ತೆಲ್ಲ ಪರದೆಯ ಮೇಲೆ ಇಂಗ್ಲಿಷ್ ಓಡಿತು. ನನ್ನ ಪಕ್ಕ ಕೂಡ್ಲಿಗಿ ಕಡೆಯ ಆಶಾ ಕಾರ್ಯಕರ್ತೆ ಕುಳಿತಿದ್ದರು, ನನಗಿಂತ ಹಿರಿಯರು. ಸೆರಗನ್ನು ಕಿವಿಯವರೆಗೆ ಹೊದ್ದುಕೊಂಡು ಪಿಸುಗುಟ್ಟಿದರು: "ಅಲ್ರಿ ಮೇಡಂ, ಏಸಿ ಹಿಂಗ ಹಚ್ಯಾರ. ಕ್ಯಾನ್ಸರ್ ಬಿಟ್ಟು ಮೊದಲ ನೆಗಡಿ ತಪಾಸಣಿ ಮಾಡಬೇಕಾಕ್ಕೈತಿ."

ಊಟದ ನಂತರ ಮುಖ್ಯ ಅತಿಥಿಗಳು ತಡವಾಗಿ ಬಂದರು. ಅವರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಅವರ ಜೊತೆ ಬಂದವರಿಗೆ ಶಾಲು. ಶಾಲು ತಂದುಕೊಟ್ಟವರಿಗೂ ಒಂದು ಶಾಲು. ಎರಡೂವರೆ ಹೋಗಿ ನಾಲ್ಕಾಯಿತು. ಸಂಯೋಜಕಿ ಬಗ್ಗಿ ಬಂದು, "ಒಂದೂವರೆ ನಿಮಿಷದಲ್ಲಿ ಮುಗಿಸ್ತೀರಾ?" ಎಂದಳು.

ಮುಗಿಸಬಲ್ಲೆ ಎಂದುಕೊಂಡೆ. ಪ್ರಶ್ನೆ ಚಿಕ್ಕದು. ಮೈಕಿನ ಮುಂದೆ ನಿಂತು, ಕರಪತ್ರ ಎತ್ತಿ ಹಿಡಿದು, "ಇದರ ನಾಲ್ಕನೆಯ ಸಾಲಿನಲ್ಲಿ ಒಂದು ತಪ್ಪಿದೆ" ಎಂದೆ. ನಿರೂಪಕಿ ನಗುತ್ತಾ ತನ್ನ ಮೈಕಿನಲ್ಲಿ, "ಮೊದಲು ನಿಮ್ಮ ತಾಯಿಯವರ ಹೋರಾಟದ ಬಗ್ಗೆ ಕೇಳೋಣ" ಎಂದಳು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವವರೆಗೆ ಕಾದು, "ಲಿಂಗ ಧರಿಸಿದ ಹೆಂಗಸರು ಅದನ್ನು ಮೈಯಿಂದ ಬೇರೆ ಮಾಡದೆ ಈ ತಪಾಸಣೆ ಮಾಡಿಸಿಕೊಳ್ಳಬಹುದೆ? ಅದಕ್ಕಾಗಿ ಒಬ್ಬರು ಕಾಯುತ್ತಿದ್ದಾರೆ" ಎಂದು ಕೇಳಿದೆ.

ವೇದಿಕೆಯ ಮೇಲಿದ್ದ ಹಿರಿಯ ವೈದ್ಯರು ಮೈಕು ತೆಗೆದುಕೊಂಡರು. ನಾನು ಪೆನ್ನು ಬಿಚ್ಚಿದೆ.

"ಒಳ್ಳೆ ಪ್ರಶ್ನೆ. ನೋಡಿ, ನಮ್ಮ ಜನರ ಸಮಸ್ಯೆ ಇದೇ. ವಿಜ್ಞಾನ ಎಷ್ಟು ಮುಂದುವರಿದರೂ ಸಂಪ್ರದಾಯಕ್ಕೆ ಜೋತು ಬಿದ್ದಿರ್ತಾರೆ. ಹಾಗಾಗಿ ನಾವೆಲ್ಲ ಸೇರಿ ಅರಿವು ಮೂಡಿಸಬೇಕು."

ಮತ್ತೆ ಚಪ್ಪಾಳೆ. ಕೈಯಲ್ಲಿ ಪೆನ್ನು ಹಾಗೇ ಇತ್ತು. ಆಗುತ್ತದೆಯೋ ಇಲ್ಲವೋ ಎಂಬುದು ಅವರ ಮಾತಿನಲ್ಲಿ ಎಲ್ಲಿಯೂ ಇರಲಿಲ್ಲ. ನಾನು ಮತ್ತೊಮ್ಮೆ ಕೇಳಬೇಕಾಗಿತ್ತು. ದನಿ ಎತ್ತಬೇಕಾಗಿತ್ತು. ನಾನು 'ಧನ್ಯವಾದ' ಎಂದು ಹೇಳಿ ಕೆಳಗಿಳಿದೆ. 'ಅರಿವಿನ ಕೊರತೆ' ಎಂದು ಅವರ ಹಾಗೆಯೇ ಸುಲಭವಾಗಿ ಬರೆದವಳು ನಾನೇ ಎಂಬುದು ನೆನಪಾಗಿ, ಅವರ ಮೇಲೆ ಪೂರ್ತಿ ಸಿಟ್ಟಾಗಲೂ ಆಗಲಿಲ್ಲ.

ಕುರ್ಚಿಗೆ ಬಂದಾಗ ಆಶಾ ಕಾರ್ಯಕರ್ತೆ ಕೇಳಿದರು: "ಯಾರಿಗ್ರಿ, ಮನಿಯವರಿಗೇನು?"

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವರು ಮತ್ತೆ ಕೇಳದೆ ಎದ್ದು ನಿಂತರು. "ಬರ್ರಿ. ವ್ಯಾನ್ ಹೊರಗ ನಿಂತೈತಿ. ಮಷಿನ್ ನಡಸಾಕಿನ್ನ ಕೇಳೂದ ಬಿಟ್ಟು ಶಾಲು ಹೊತ್ತೋರನ್ನ ಕೇಳಿದ್ರ ಏನ್ ಹೇಳ್ಯಾರು?"

ವ್ಯಾನನ್ನು ಪ್ರದರ್ಶನಕ್ಕೆಂದು ಅಂಗಳದಲ್ಲಿ ನಿಲ್ಲಿಸಿ ಬಲೂನು ಕಟ್ಟಿದ್ದರು. ಅದೇ ವ್ಯಾನು. ಒಳಗೆ ತಂತ್ರಜ್ಞೆ ಮಂಡಕ್ಕಿ ತಿನ್ನುತ್ತ ಕುಳಿತಿದ್ದಳು, ನನ್ನ ವಯಸ್ಸಿನವಳೇ. ಹಿರೇಹಡಗಲಿಯಲ್ಲಿ ದೊಡ್ಡವ್ವನನ್ನು ಇಳಿಸಿದವಳೂ ಅವಳೇ. ನಾನು ಪ್ರಶ್ನೆ ಕೇಳಿದೆ. ಅವಳು ಪೊಟ್ಟಣ ಪಕ್ಕಕ್ಕಿಟ್ಟು ಯಂತ್ರದ ಮುಂದೆ ನಿಂತು ತೋರಿಸಿದಳು.

"ನೋಡ್ರಿ ಮೇಡಂ, ಒಂದೊಂದು ಕಡೆ ಬೇರೆ ಬೇರೆ ತೆಗೀತೀವಿ. ಎಡಗಡೆ ತೆಗೆಯೋವಾಗ ಎಡಗೈಲಿ ಈ ಹಿಡಿಕೆ ಹಿಡ್ಕಬೇಕು. ಬಲಗೈ ಖಾಲಿನೇ ಇರುತ್ತೆ. ಅದರಾಗೆ ಹಿಡ್ಕಳ್ಳಲಿ. ಬಲಗಡೆ ತೆಗೆಯೋವಾಗ ಎಡಗೈಗೆ ತಗಳ್ಳಲಿ. ಫೋಟೊದಾಗೆ ಅಡ್ಡ ಬರಬಾರದು, ಅಷ್ಟೇ."

"ಹಾಗಾದರೆ ಮನೆಯಲ್ಲಿ ಇಟ್ಟು ಬರಬೇಕಿತ್ತು ಅಂತ ಯಾಕೆ ಹೇಳಿದಿರಿ?"

"ನಿಮ್ಮ ಚೀಟ್ಯಾಗೆ ಹಂಗೇ ಬರದಿತ್ತಲ್ರಿ. ಬರದಿದ್ದಂಗೆ ನಡಸ್ರಿ ಅಂತ ಮೇಲಿನೋರು ಹೇಳಿದ್ರು. ನಾನ್ ಕೇಳಾಕೆ ಹೋಗ್ಲಿಲ್ಲ."

ಆಶಾ ಕಾರ್ಯಕರ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಇಷ್ಟಕ್ಕ ಇವರು ಬೆಳಿಗ್ಗಿಂದ ಅರಿವು ಅರಿವು ಅನ್ನಾಕಹತ್ಯಾರ!" ನನಗೆ ನಗು ಬರಲಿಲ್ಲ. ಒಂದು ನಿಮಿಷದ ಉತ್ತರ. ಹಿರೇಹಡಗಲಿಯಲ್ಲಿ ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಈ ವ್ಯಾನಿನ ಒಳಗೇ ಅದು ಇತ್ತು.

ಒಳಗೆ ಹೋಗಿ ಸಂಯೋಜಕಿಗೆ ಸಾಲು ಬದಲಿಸಲು ಹೇಳಿದೆ. "ಮುಂದಿನ ಮೀಟಿಂಗಲ್ಲಿ ಇಡೋಣ" ಎಂದಳು. "ಈಗಷ್ಟೇ ಕಲರ್‌ನಲ್ಲಿ ಹೊಸದಾಗಿ ಪ್ರಿಂಟ್ ಆಗಿದೆ. ನಿಮ್ಮ ತಾಲ್ಲೂಕಿಂದು ತಗೊಂಡೇ ಹೋಗಿಬಿಡಿ." ಎರಡು ಕಟ್ಟು ಕೈಗೆ ಕೊಟ್ಟಳು. ನಾಲ್ಕನೆಯ ಸಾಲನ್ನು ಈಗ ದಪ್ಪಕ್ಷರದಲ್ಲಿ ಹಾಕಿದ್ದರು.

ಹರಪನಹಳ್ಳಿಯವರೆಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಆಮೇಲೆ ಸಿಕ್ಕಿತು. ಕಟ್ಟು ಬಿಚ್ಚಿ, ಬಸ್ಸು ಕುಲುಕುತ್ತಿದ್ದರೂ, ಒಂದೊಂದೇ ಹಾಳೆಯ ಮೇಲೆ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಲಿಂಗವನ್ನು ಕೈಯಲ್ಲಿ ಹಿಡಿದುಕೊಳ್ಳಬಹುದು' ಎಂದು ಬರೆಯತೊಡಗಿದೆ. ಅಕ್ಷರ ಸೊಟ್ಟಗಾಗುತ್ತಿತ್ತು. ಕೊಟ್ಟೂರು ಬರುವ ಹೊತ್ತಿಗೆ ಒಂದು ಕಟ್ಟಿನ ಅರ್ಧವೂ ಮುಗಿದಿರಲಿಲ್ಲ.

ಮಾರನೆಯ ದಿನವೇ ಹಿರೇಹಡಗಲಿಗೆ ಹೋದೆ. ಕೇಳಿದ ದೊಡ್ಡವ್ವ ಗಿರಣಿಯ ಬೆಲ್ಟು ನಿಲ್ಲಿಸಿದಳು. "ಪೂಜಿಗೆ ಕುಂತಾಗ ದಿನಾ ಕೈಯಾಗ ಇಟ್ಕೊಂಡ ಕೂಡತೀನಲ್ಲ, ಹಂಗ ಏನು?"

"ಹಂಗ."

ಆಸ್ಪತ್ರೆಗಿಂತ, ಹಿಡಿದುಕೊಳ್ಳಬಹುದು ಎಂದ ಆ ತಂತ್ರಜ್ಞೆಯ ಹತ್ತಿರವೇ ಮಾಡಿಸುತ್ತೇನೆ ಎಂದು ಹಟ ಹಿಡಿದಳು. ಯುಗಾದಿ ಮುಗಿದ ಮೊದಲ ವಾರ ವ್ಯಾನು ಕೊಟ್ಟೂರಿಗೆ ಬಂತು. ದೊಡ್ಡವ್ವ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಈ ಸಲ ನಾನು ಮೇಜು ಬಿಟ್ಟು ಅವಳ ಜೊತೆ ಮೆಟ್ಟಿಲು ಹತ್ತಿದೆ. ಒಳಗೆ ಅವಳು ದಾರವನ್ನು ತಲೆಯ ಮೇಲಿಂದ ತೆಗೆದು, ಬಲಗೈಗೆ ಎರಡು ಸುತ್ತು ಸುತ್ತಿ, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಆಮೇಲೆ ಎಡಗೈಗೆ ಬದಲಿಸಿಕೊಂಡಳು. ಒತ್ತಿದಾಗ ನೋವಿಗೆ ಕಣ್ಣು ಮುಚ್ಚಿದಳು, ಮುಷ್ಟಿ ಮಾತ್ರ ಬಿಡಲಿಲ್ಲ. ತಂತ್ರಜ್ಞೆ ಪರದೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ದಾವಣಗೆರೆಗೆ ಹೋಗಿ ಸೂಜಿಯ ಪರೀಕ್ಷೆ ಮಾಡಿಸಬೇಕು, ತಡ ಮಾಡಬೇಡಿ ಎಂದು ಚೀಟಿ ಬರೆದಳು.

ಹೊರಗೆ ಬಂದು ಬೇವಿನ ನೆರಳಿನಲ್ಲಿ ಕುಳಿತೆವು. ದೊಡ್ಡವ್ವ ದಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಸೆರಗು ಸರಿಮಾಡಿಕೊಂಡಳು.

"ಶೇಂಗಾ ಕೀಳ ಹೊತ್ತಿನ್ಯಾಗ ಇಳದಿದ್ದೆ. ಈಗ ಯುಗಾದಿ ಆತು. ಐದು ತಿಂಗಳ. ಕೈಯಾಗ ಹಿಡ್ಕೊಂಡ್ರ ಆಗತೈತಿ ಅನ್ನೂದ ಅವತ್ತ ಒಬ್ಬರಿಗೂ ತಿಳೀಲಿಲ್ಲೇನು? ಆ ಚೀಟಿ ಬರದಾವ ಯಾವನಲೇ ಅವ?"

"ನಾನ ಬರದಿದ್ದು ದೊಡ್ಡವ್ವ."

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನನ್ನ ಖಾಲಿ ಕೊರಳನ್ನು ನೋಡಿದಳು.

"ನಿನ್ನ ಕೊಳ್ಳಾಗ ಇದ್ದಿದ್ರ ಬರೀತಿದ್ದಿಲ್ಲ ಬಿಡು" ಎಂದಳು. ಆಮೇಲೆ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ದಾವಣಗೇರಿ ಬಸ್ಸು ಎಷ್ಟಕ್ಕೈತಿ ನೋಡು" ಎಂದಳು.